ರೇಷ್ಮೆಯಕ್ಕನ ನೀಲಿ ಡೇರೆ

ಶಿವಮೊಗ್ಗದ ವಿನೋಬನಗರದಲ್ಲಿ ಹೂ ಕದಿಯುವವರು ಎರಡು ಬಗೆ. ಒಂದನೆಯವರು ಬೆಳಗಿನ ಜಾವ ವಾಕಿಂಗ್ ನೆಪದಲ್ಲಿ ಬರುತ್ತಾರೆ. ತಲೆಗೆ ಮಂಕಿ ಟೋಪಿ, ಕೈಯಲ್ಲೊಂದು ಪ್ಲಾಸ್ಟಿಕ್ ಕವರು, ಪಳಗಿದವರಾದರೆ ತುದಿಗೆ ಕೊಕ್ಕೆ ಕಟ್ಟಿದ ಕೋಲು. ಕಾಂಪೌಂಡಿನಾಚೆ ತಲೆ ಹಾಕಿದ ದಾಸವಾಳ, ನಂದಿಬಟ್ಟಲು, ಕಣಗಿಲೆ ಯಾವುದನ್ನೂ ಬಿಡುವುದಿಲ್ಲ. ಇವರ ಮೇಲೆ ನನಗೆ ಸಿಟ್ಟಿಲ್ಲ. ಕದ್ದದ್ದು ದೇವರ ತಲೆಗೆ ಹೋಗುತ್ತದೆ, ಕೆಲಸ ಎರಡು ನಿಮಿಷಕ್ಕೆ ಮುಗಿಯುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ನಿದ್ದೆ ಕೆಡಿಸುವುದಿಲ್ಲ. ಎರಡನೆಯವರು ಹೂವನ್ನು ಮುಟ್ಟುವುದೇ ಇಲ್ಲ, ಅದರ ರೂಪವನ್ನಷ್ಟೇ ಒಯ್ಯುತ್ತಾರೆ. ಬೆಲ್ ಒತ್ತಿ, ಅಪ್ಪಣೆ ಕೇಳಿ, ಕಾಫಿ ಕುಡಿದು, ನಮ್ಮ ಅಭಿಪ್ರಾಯ ಪಡೆದು, ಅದು ತಪ್ಪೆಂದು ತಿಳಿಸಿ ಒಯ್ಯುತ್ತಾರೆ.

ಈ ಎರಡನೆಯ ಬಗೆಯವರು ನಮ್ಮಲ್ಲಿ ಕ್ರಾಸಿಗೊಬ್ಬರಾದರೂ ಸಿಗುತ್ತಾರೆ. ಮಕ್ಕಳು ಬೆಂಗಳೂರಿನಲ್ಲೋ ಡಲ್ಲಾಸಿನಲ್ಲೋ ಇರುತ್ತಾರೆ, ಯಜಮಾನರು ನಿವೃತ್ತರು. ಒಂದು ಮಧ್ಯಾಹ್ನ ಅಟ್ಟದ ಟ್ರಂಕಿನಿಂದ ಕಾಲೇಜಿನ ದಿನಗಳ ಎಂಬ್ರಾಯಿಡರಿ ರಿಂಗ್ ಹೊರಬರುತ್ತದೆ. ಮೊದಲು ಕರ್ಚೀಫು, ಆಮೇಲೆ ದಿಂಬಿನ ಕವರು, ಆಮೇಲೆ ಟಿವಿಗೆ ಹೊದಿಸುವ ಬಟ್ಟೆ. ಟಿವಿ ತೆಳ್ಳಗಾಗಿ ಗೋಡೆ ಹತ್ತಿತು ನೋಡಿ, ಹೊದಿಸಲು ಜಾಗವಿಲ್ಲದೆ ಕಲೆಯೂ ಅದರ ಹಿಂದೆಯೇ ಗೋಡೆ ಹತ್ತಿತು. ಗಾಜು, ಕಟ್ಟು, ಕೆಳಗೆ ಬಲಮೂಲೆಯಲ್ಲಿ ಸಹಿ. ಅಲ್ಲಿಂದ ಮುಂದೆ ಅದು ಕಸೂತಿಯಲ್ಲ, ಕಲಾಕೃತಿ. ಹಾಕುವವರು ಹೊಲಿಯುವುದಿಲ್ಲ, ‘ವರ್ಕ್ ಮಾಡುತ್ತಾರೆ’.

ನಮ್ಮ ಪಾಲಿಗೆ ಬಂದವರನ್ನು ಬೀದಿಯೆಲ್ಲ ರೇಷ್ಮೆಯಕ್ಕ ಎನ್ನುತ್ತದೆ. ಹತ್ತಿಬಟ್ಟೆಯ ಮೇಲೆ ಕೈಯಾಡಿಸುವವರನ್ನು ಅವರು ಮನುಷ್ಯರೆಂದು ಒಪ್ಪುತ್ತಾರೆ, ಅಷ್ಟೆ. ತವರು ಸಾಗರದ ಕಡೆ. ಮದುವೆಯಾಗಿ ಹೋದದ್ದು ಭದ್ರಾವತಿಯ ನ್ಯೂಟೌನಿಗೆ, ಯಜಮಾನರಿಗೆ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ. ಕ್ವಾರ್ಟರ್ಸ್‌ನಲ್ಲಿದ್ದಷ್ಟು ಕಾಲ ಬಿಳಿ ಹೂ ಬೆಳೆಸಲಿಲ್ಲವಂತೆ. “ಆ ಹೊಗೆಯಲ್ಲಿ ಬಿಳಿ ಎಲ್ಲಿ ಬಿಳಿಯಾಗಿರುತ್ತೆ ಮೇಷ್ಟ್ರೇ?” ನಿವೃತ್ತಿಯ ದುಡ್ಡಿನಲ್ಲಿ ವಿನೋಬನಗರದಲ್ಲಿ ಮನೆಯಾಯಿತು. ಸೈಟೆಲ್ಲ ಮನೆಗೇ ಸರಿಹೋಗಿ ತೋಟಕ್ಕೆ ಉಳಿದದ್ದು ನಾಲ್ಕು ಕುಂಡದ ಜಾಗ. ಪಕ್ಕದಲ್ಲಿ, ಮನೆ ಸಣ್ಣದಾಗಿಟ್ಟು ಗಿಡಕ್ಕೆ ಜಾಗ ಬಿಟ್ಟ ಮೂರ್ಖ ನಾನು ಇದ್ದೆ.

ನನಗೊಂದು ಚಟವಿದೆ. ತಿಳಿದದ್ದನ್ನು ಹೇಳದೆ ಇರಲಾರೆ. ಪಾಠ ಹೇಳುವ ಕೆಲಸ ಬಿಟ್ಟರೂ ಚಟ ನನ್ನನ್ನು ಬಿಟ್ಟಿಲ್ಲ. ಒಂದು ದಿನ ಅಕ್ಕನಿಗೆ ನಮ್ಮ ಬಡಾವಣೆಯ ಹೆಸರಿನ ಮಹಿಮೆ ಹೇಳಿದೆ. ವಿನೋಬಾ ಭಾವೆಯವರು 1951ರಲ್ಲಿ ತೆಲಂಗಾಣದ ಪೋಚಂಪಳ್ಳಿಯಲ್ಲಿ ಭೂದಾನ ಶುರುಮಾಡಿದ್ದು, ಊರೂರು ನಡೆದು ಇದ್ದವರ ಹತ್ತಿರ ಆರರಲ್ಲೊಂದು ಪಾಲು ನೆಲ ಕೇಳಿದ್ದು, ಎಲ್ಲ. ಅವರು ತದೇಕಚಿತ್ತದಿಂದ ಕೇಳಿ, “ಪೋಚಂಪಳ್ಳಿ ಅಂದ್ರೆ ಇಕ್ಕತ್ ಸೀರೆ ಊರಲ್ವಾ? ರೇಷ್ಮೆ ಬಹಳ ಚೆನ್ನಾಗಿರುತ್ತೆ” ಎಂದರು. ಭೂದಾನದ ತತ್ವವೂ ಹೊಕ್ಕಿರಬೇಕು. ಮಾರನೆಯ ದಿನದಿಂದಲೇ ಪುಷ್ಪದಾನ ಚಳವಳಿ ನಮ್ಮ ಗೇಟಿನಿಂದ ಆರಂಭವಾಯಿತು. ಆರರಲ್ಲೊಂದು ಪಾಲಿಗೆ ಅವರು ಯಾವತ್ತೂ ತೃಪ್ತಿಪಡಲಿಲ್ಲ.

ಅವರ ಕಲೆಗೂ ಹೂವಿಗೂ ಇರುವ ತಕರಾರು ಮೂಲತಃ ವೇಗದ್ದು. ದಾಸವಾಳ ಬೆಳಿಗ್ಗೆ ಅರಳಿ ಸಂಜೆಗೆ ಮುದುಡುತ್ತದೆ. ಅದೇ ದಾಸವಾಳ ರೇಷ್ಮೆಯ ಮೇಲೆ ಅರಳಲು ತಿಂಗಳು ಬೇಕು. ನಡುವಿನ ಈ ಇಪ್ಪತ್ತೊಂಬತ್ತು ದಿನದ ಖರ್ಚನ್ನು ಯಾರಾದರೂ ಹೊರಬೇಕಲ್ಲ? ನಾವು ಹೊತ್ತೆವು. ದಿನಾ ಬೆಳಿಗ್ಗೆ ಅಕ್ಕ ಬಂದು, ನಿನ್ನೆಯ ಹೂವಿನ ಭಂಗಿಯಲ್ಲೇ ನಿಂತ ಒಂದು ಹೂ ಹುಡುಕಿ, ಅದರ ತೊಟ್ಟಿಗೆ ಹಳದಿ ಉಲ್ಲನ್ ಕಟ್ಟಿ ಹೋಗುತ್ತಿದ್ದರು. ಕಟ್ಟಿದ ಹೂ ಕೀಳುವಂತಿಲ್ಲ. ಗಾಳಿಗೆ ಅಕ್ಕಪಕ್ಕದ ಹೂ ಅದಕ್ಕೆ ತಾಗಿ ನೆರಳಾದರೆ ಅದಕ್ಕೂ ನಾವೇ ಹೊಣೆ. ನಮ್ಮಮ್ಮ ಗಣಪತಿಯ ಪೂಜೆಗೆಂದೇ ಆ ಗಿಡ ಹಾಕಿಸಿದ್ದು. ಎಂಬತ್ತು ದಾಟಿದ ಅವರು ಹೂಬುಟ್ಟಿ ಹಿಡಿದು ಗಿಡದ ಮುಂದೆ ನಿಂತು, “ಈ ಮನೇಲಿ ಗಣಪತೀನೂ ಕ್ಯೂನಲ್ಲಿ ನಿಲ್ಲಬೇಕು” ಎಂದು ಬೀದಿಗೆ ಕೇಳುವಂತೆ ಹೇಳುತ್ತಿದ್ದರು. ಬೀದಿಗೆ ಕೇಳಿಸುತ್ತಿತ್ತು. ಅಕ್ಕನಿಗೆ ಕೇಳಿಸುತ್ತಿರಲಿಲ್ಲ.

ಇದನ್ನಾದರೂ ಸಹಿಸಬಹುದು. ಸಹಿಸಲಾಗದ್ದು ಕೆಂಪಿನ ಪರೀಕ್ಷೆ. ನಾನು ಪೇಪರ್ ಹಿಡಿದು ಜಗಲಿಯಲ್ಲಿ ಕೂತ ಗಳಿಗೆ ನೋಡಿಯೇ ಬರುತ್ತಿದ್ದರು. ಎಡಗೈಯಲ್ಲೊಂದು ದಾರದ ಲಡಿ, ಬಲಗೈಯಲ್ಲೊಂದು. ಎರಡನ್ನೂ ಹೂವಿನ ಪಕ್ಕ ಹಿಡಿದು, “ಇದಾ, ಇದಾ?” ಎನ್ನುವುದು.

“ಎರಡೂ ಕೆಂಪೇ ಅಲ್ವಾ ಅಕ್ಕ?” ಎಂದೆ ಮೊದಲ ದಿನ.

ಪುಟಗಟ್ಟಲೆ ಬರೆದು ಪ್ರಶ್ನೆಸಂಖ್ಯೆ ತಪ್ಪು ಹಾಕಿದ ಹುಡುಗನನ್ನು ನಾನು ನೋಡುತ್ತಿದ್ದ ಹಾಗೆ ನನ್ನನ್ನು ನೋಡಿದರು. “ಸರಿಯಾಗಿ ನೋಡಿ ಮಾರಾಯ್ರೆ. ಇದರೊಳಗೆ ಕಿತ್ತಳೆ ಇದೆ. ಇದರೊಳಗೆ ಗುಲಾಬಿ ಇದೆ. ಕಾಣಲ್ವಾ?” ಕಾಣಲಿಲ್ಲ. ಕಾಣುತ್ತದೆ ಎಂದೆ. ಮಾರನೆಯ ದಿನದಿಂದ ಗೊಡವೆ ಬೇಡವೆಂದು ಕೇಳಿದಾಗಲೆಲ್ಲ “ಎಡಗೈದು” ಎಂದು ಹೇಳಿ ಪೇಪರಿಗೆ ಮರಳುತ್ತಿದ್ದೆ. ಒಂದು ವಾರ ನೆಮ್ಮದಿಯಾಗಿತ್ತು. ಆಮೇಲೆ ಅವರು ಲಡಿಗಳನ್ನು ಬೆನ್ನ ಹಿಂದೆ ಒಯ್ದು ಕೈ ಬದಲಿಸಿ ಮತ್ತೆ ಕೇಳತೊಡಗಿದರು. “ಈಗ?” ನಾನು “ಎಡಗೈದು” ಎಂದೆ. “ಅದು ಆಗಲೇ ಬೇಡ ಅಂದಿದ್ದಲ್ವಾ!” ಇಷ್ಟಾದ ಮೇಲೂ ಎಂಟು ಗಂಟೆಯ ಬಿಸಿಲಿನ ಕೆಂಪು ಬೇರೆ, ಹನ್ನೊಂದರದ್ದು ಬೇರೆ ಎಂದು ಮತ್ತೆ ಬರುತ್ತಿದ್ದರು. ಎದುರು ಮನೆಯವರ ಹಿತ್ತಿಲಲ್ಲಿ ದಾಸವಾಳದ ಜಾತಿಯದೇ ಒಂದು ಗಿಡವಿದೆ, ಬೆಳಿಗ್ಗೆ ಬಿಳಿಯಾಗಿ ಅರಳಿದ ಹೂ ಮಧ್ಯಾಹ್ನಕ್ಕೆ ಗುಲಾಬಿಯಾಗಿ ಸಂಜೆಗೆ ಕೆಂಪಗಾಗುತ್ತದೆ. ಅಕ್ಕ ಅದನ್ನು ಹಾಕಲು ಹೊರಟ ತಿಂಗಳು ಆ ಮನೆಯವರು ಮಗಳ ಮನೆಗೆಂದು ಮೈಸೂರಿಗೆ ಹೋದವರು ಬೇಗ ಬರಲಿಲ್ಲ. ನಾನು ಏನನ್ನೂ ಆರೋಪಿಸುತ್ತಿಲ್ಲ.

ಆದರೆ ಅವರು ಕೆಲಸಕ್ಕೆ ಕೂತಾಗ ನೋಡಬೇಕು. ಸಿಟ್ಟು ಇಳಿಯುವುದು ಅಲ್ಲಿ. ಹಿನ್ನೆಲೆಯ ಬಟ್ಟೆ ಅವರದೇ ಮೈಸೂರು ಸಿಲ್ಕ್ ಸೀರೆಯ ಒಡಲು. 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಮೈಸೂರಿನಲ್ಲಿ ಶುರುವಾದ ಕಾರ್ಖಾನೆಯ ಸೀರೆಯೆಂದರೆ ನಮ್ಮ ಹೆಂಗಸರು ಮಡಿಕೆ ಬದಲಿಸಲಿಕ್ಕೂ ಮುಹೂರ್ತ ನೋಡುತ್ತಾರೆ. ಇವರು ಸೆರಗು ಸ್ವಲ್ಪ ಪಿಸಿದದ್ದೇ ನೆಪ ಮಾಡಿಕೊಂಡು ಕತ್ತರಿ ಹಾಕಿದವರು. ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು, ಒದ್ದೆ ಮಾಡಿ, ತೆಳ್ಳಗೆ ಬಣ್ಣ ಹರಿಸುತ್ತಾರೆ. ಹಸಿಯಿರುವಾಗಲೇ ಅಡುಗೆಮನೆಯ ಕಲ್ಲುಪ್ಪು ಉದುರಿಸುತ್ತಾರೆ. ಉಪ್ಪಿನ ಹರಳು ಸುತ್ತಲಿನ ನೀರು ಹೀರುತ್ತ ಬಣ್ಣವನ್ನೂ ತನ್ನ ಕಡೆ ಎಳೆದುಕೊಳ್ಳುತ್ತದೆ. ಒಣಗಿದ ಮೇಲೆ ಉಪ್ಪು ಕೊಡವಿದರೆ ಅಲ್ಲಲ್ಲಿ ತಿಳಿ, ಅಲ್ಲಲ್ಲಿ ಗಾಢ, ಶಿವಮೊಗ್ಗದ ಆಷಾಢದ ಆಕಾಶ ಕುಂಚ ಮುಟ್ಟಿಸದೆಯೇ ಮೂಡಿರುತ್ತದೆ. ಆಮೇಲೆ ಸೂಜಿ. ಎಸಳಿನ ಅಂಚಿನಿಂದ ಒಳಕ್ಕೆ, ಒಂದು ಉದ್ದ ಒಂದು ಗಿಡ್ಡ, ಒಂದರ ಸಂದಿಗೆ ಇನ್ನೊಂದು ಸೇರುವ ಹೊಲಿಗೆ. ದಾರದ ಎಳೆ ಬಿಡಿಸಿ, ಆ ಎಳೆಯನ್ನೂ ಸೀಳಿ, ಕಣ್ಣಿಗೆ ಕಂಡೂ ಕಾಣದಷ್ಟು ತೆಳ್ಳಗೆ ಮಾಡಿಕೊಳ್ಳುತ್ತಾರೆ. ಚೀನಾದ ಸುಝೌ ಊರಿನ ಕಸೂತಿಯವರೂ ಹೀಗೇ ಎಳೆ ಸೀಳುತ್ತಾರೆಂದು ನಾನು ಹೇಳಿದಾಗ, “ಯಾರ ಹತ್ರ ಕಲಿತ್ರಂತೆ?” ಎಂದು ಕೇಳಿದ್ದರು.

ಒಂದೇ ದಾರದಲ್ಲಿ ಹಾಕಿದ ಎಸಳು ಎಡಕ್ಕೆ ಗಾಢವಾಗಿ ಬಲಕ್ಕೆ ತಿಳಿಯಾಗಿ ಕಾಣುತ್ತದಲ್ಲ, ಹೇಗೆ ಎಂದು ಒಮ್ಮೆ ಕೇಳಿದೆ. ಉತ್ತರ ಕೊಡದೆ ಚೌಕಟ್ಟನ್ನು ಕಿಟಕಿಯ ಬೆಳಕಿಗೆ ಓರೆ ಮಾಡಿ ತಿರುಗಿಸಿದರು. ಗಾಢವಿದ್ದದ್ದು ತಿಳಿಯಾಯಿತು, ತಿಳಿ ಗಾಢವಾಯಿತು. ರೇಷ್ಮೆಯ ಎಳೆಯನ್ನು ಅಡ್ಡಕೊಯ್ದು ನೋಡಿದರೆ ಅದು ದುಂಡಗಿಲ್ಲ, ಹೆಚ್ಚುಕಡಿಮೆ ಮೂರು ಮೂಲೆಯದು. ಹಾಗಾಗಿ ಬೆಳಕನ್ನು ಒಂದೊಂದು ದಿಕ್ಕಿಗೆ ಒಂದೊಂದು ಥರ ಎಸೆಯುತ್ತದೆ. ಹೊಲಿಗೆಯ ದಿಕ್ಕು ತಿರುಗಿಸಿದರೆ ಬಣ್ಣವೇ ತಿರುಗಿತು. ದಾಸವಾಳದ ನಡುವಿನ ಕೇಸರಕ್ಕೆ ಹಳದಿ ದಾರದ ಪುಟ್ಟ ಪುಟ್ಟ ಗಂಟುಗಳು, ತುದಿಯಲ್ಲಿ ಐದೇ ಐದು ಕೆಂಪು ಚುಕ್ಕೆ. ನನ್ನ ಅಂಗಳದಲ್ಲೇ ಇಷ್ಟು ವರ್ಷ ಅರಳಿದ ಹೂವಿಗೆ ಐದು ಚುಕ್ಕೆ ಇದೆಯೆಂಬುದನ್ನು ನಾನು ನೋಡಿದ್ದು ಪಕ್ಕದ ಮನೆಯ ಬಟ್ಟೆಯ ಮೇಲೆ.

ಹೊಗಳಿಕೆ ಇಷ್ಟು ಸಾಕು. ಅವರ ಬಾಯಿ ಮುಚ್ಚಿಸಿದವರೂ ಒಬ್ಬರಿದ್ದಾರೆ, ಧಾರವಾಡದ ಬೀಗಿತ್ತಿ. ಆ ಕಡೆಯ ಕಸೂತಿಯಲ್ಲಿ ಚಿತ್ರ ಬರೆದುಕೊಳ್ಳುವಂತಿಲ್ಲ, ಬಟ್ಟೆಯ ನೂಲೆಳೆ ಎಣಿಸಿ ಹಾಕಬೇಕು. ಗಂಟು ಹಾಕುವಂತಿಲ್ಲ. ಗಾವಂತಿ, ಮುರ್ಗಿ ಹೊಲಿಗೆಗಳು ಹಿಂದೆ ಮುಂದೆ ಎರಡೂ ಕಡೆ ಒಂದೇ ಥರ ಕಾಣಬೇಕು. ಆಯಮ್ಮ ಅಕ್ಕನ ಕಲಾಕೃತಿಯನ್ನು ಗೋಡೆಯಿಂದ ಇಳಿಸಿ, ನೇರ ಬೆನ್ನು ತಿರುಗಿಸಿ ನೋಡಿ, “ಮುಂದ ತೋಟ ಚಲೋ ಅದ ರೀ, ಹಿಂದ ಮಾತ್ರ ಅಡವಿ ಬೆಳದದ” ಎಂದರಂತೆ. ಆ ದಿನದಿಂದ ಅಕ್ಕ ಎಲ್ಲ ಚಿತ್ರಗಳ ಹಿಂದೆ ದಪ್ಪ ರಟ್ಟು ಬಡಿಸಿದ್ದಾರೆ.

ಅಕ್ಕ ಕೊಡುಗೈಯವರು. ಗೃಹಪ್ರವೇಶ, ಉಪನಯನ, ಷಷ್ಟ್ಯಬ್ದಿ ಯಾವುದಕ್ಕೂ ಬರಿಗೈಯಲ್ಲಿ ಹೋದವರಲ್ಲ. ಕೊಟ್ಟ ಮೇಲೆ ತಪಾಸಣೆ ಇದೆ. ಬಿಸಿಲು ಬೀಳುವ ಗೋಡೆಗೆ ಹಾಕಬಾರದು, ಬಣ್ಣ ಹೋಗುತ್ತದೆ. ಮಳೆ ನೀರು ಇಳಿಯುವ ಗೋಡೆಗೆ ಹಾಕಬಾರದು, ಗಾಜಿನೊಳಗೆ ಬೂಸ್ಟು ಬರುತ್ತದೆ. ಶಿವಮೊಗ್ಗದ ಮನೆಯಲ್ಲಿ ಇವೆರಡೂ ಅಲ್ಲದ ಗೋಡೆ ಇರುವುದು ಪೂಜೆಕೋಣೆಯಲ್ಲಿ ಮಾತ್ರ. ನಮ್ಮ ರಾಘವೇಂದ್ರಸ್ವಾಮಿಗಳು ಸ್ವಲ್ಪ ಸರಿದು ಜಾಗ ಕೊಟ್ಟಿದ್ದಾರೆ.

ಯಜಮಾನರ ವಿಷಯ ಹೇಳಲೇಬೇಕು. ಕುಲುಮೆಯ ಕಾವಿನಲ್ಲಿ ಕೆಲಸ ಮಾಡಿದ ಆಳು, ಮಾತು ಕಡಿಮೆ. ಈಗ ಅವರ ಡ್ಯೂಟಿ ಸೂಜಿಗೆ ದಾರ ಪೋಣಿಸುವುದು ಮತ್ತು ಕೊಡೆ ಹಿಡಿಯುವುದು. ಮಲೆನಾಡಿನ ಹೆಂಗಸರ ಡೇರೆ ಹುಚ್ಚು ಗೊತ್ತಿದ್ದವರಿಗೆ ಗೊತ್ತು. ಮಳೆಗಾಲದ ಮೊದಲಿಗೆ ಗೆಡ್ಡೆ ಮಣ್ಣಿಗೆ ಸೇರಬೇಕು. ಯಾರ ಮನೆಯಲ್ಲಿ ಯಾವ ಬಣ್ಣದ್ದಿದೆ, ಯಾರು ಕೇಳಿದರೂ ಕೊಡಲಿಲ್ಲ, ಯಾರು ಕೊಟ್ಟಂತೆ ಮಾಡಿ ಬೇರೆ ಗೆಡ್ಡೆ ಕೊಟ್ಟರು, ಇವೆಲ್ಲ ಹತ್ತು ವರ್ಷ ನೆನಪಿರುವ ಸಂಗತಿಗಳು. ಗೌರಿಹಬ್ಬದ ಹೊತ್ತಿಗೆ ಬೊಗಸೆಯಗಲ ಅರಳಿ, ಮಳೆನೀರು ತುಂಬಿಕೊಂಡು, ಕತ್ತು ಬಗ್ಗಿಸಿ ನಿಲ್ಲುತ್ತವೆ. ಜಡಿಮಳೆಯಲ್ಲಿ ನಮ್ಮ ತೋಟದ ಡೇರೆಯ ಮುಂದೆ ಅಕ್ಕ ದಾರ ಹಿಡಿದು ಬಣ್ಣ ತಾಳೆ ನೋಡುತ್ತಿದ್ದರೆ, ಯಜಮಾನರು ಕೊಡೆ ಹಿಡಿದಿರುತ್ತಾರೆ. ಹೂವಿನ ಮೇಲೆ. ಅಕ್ಕ ನೆನೆಯುತ್ತಿರುತ್ತಾರೆ, ಅವರೂ ನೆನೆಯುತ್ತಿರುತ್ತಾರೆ. ಒಳಗೆ ಬನ್ನಿ ಎಂದರೆ “ಸ್ವಲ್ಪ ತಡೀರಿ” ಎನ್ನುವಂತೆ ಕೈ ಮಾಡುತ್ತಾರೆ.

ಕಳೆದ ಬಾರಿ ಹಾಗೆ ತಾಳೆ ನೋಡಿ ಹಾಕಿದ್ದು ನಮ್ಮ ನೇರಳೆ ಡೇರೆಯನ್ನು. ನೂರಕ್ಕೂ ಮೀರಿದ ಎಸಳು, ಒಂದೊಂದೂ ಒಳಮಡಿಚಿದ್ದು, ಮುಗಿಸುವಾಗ ದೀಪಾವಳಿ ಬಂತು. ಕಟ್ಟು ಹಾಕಿಸಿ ನಮಗೇ ಮೊದಲು ತೋರಿಸಿದರು. ನಾನು ನೋಡಿದೆ, ನನ್ನ ಹೆಂಡತಿ ನೋಡಿದಳು, ಇಬ್ಬರೂ ಪರಸ್ಪರ ನೋಡಿದೆವು. ಚಿತ್ರದಲ್ಲಿದ್ದದ್ದು ನೀಲಿ ಡೇರೆ. ಶಾಯಿ ನೀಲಿ. ಹೆಂಡತಿ ನನ್ನ ಕಾಲು ತುಳಿದಳು. ಆದರೆ ನನ್ನ ಚಟ ಹೇಳಿದೆನಲ್ಲ. “ಅಕ್ಕ, ಡೇರೆ ಮೆಕ್ಸಿಕೋ ದೇಶದ ಹೂ. ಸಾವಿರಾರು ತಳಿ ಬಂದಿವೆ, ಆದರೆ ನೀಲಿ ಡೇರೆ ಮಾತ್ರ ಜಗತ್ತಿನಲ್ಲಿ ಯಾರಿಗೂ ಬೆಳೆಸಲಿಕ್ಕಾಗಿಲ್ಲ” ಎಂದೆ.

“ನೀಲಿ ಯಾರು ಹಾಕಿದ್ರು? ಇದು ನೇರಳೆ.”

“ನೀಲಿ ಅಕ್ಕ.”

“ಎರಡು ಕೆಂಪು ಗೊತ್ತಾಗದವರಿಗೆ ನೀಲಿ ನೇರಳೆ ಗೊತ್ತಾಗುತ್ತಾ?” ಎಂದು ಚಿತ್ರವನ್ನು ಕಂಕುಳಲ್ಲಿಟ್ಟುಕೊಂಡು ಎದ್ದರು. ನ್ಯಾಯವಾದ ಮಾತು. ಬೀದಿಯಲ್ಲಿ ಕೇಳಿದವರಲ್ಲಿ ಅರ್ಧ ಜನ ಅವರಿಗೆ ಹೆದರಿ ನೇರಳೆ ಎಂದರು. ಉಳಿದವರು ತಲೆನೋವೆಂದರು. ಯಜಮಾನರನ್ನು ಕೇಳಿದಾಗ ಅವರು ಬಹಳ ಹೊತ್ತು ನೋಡಿ, “ಡೇರೆ” ಎಂದರಂತೆ.

ನಮ್ಮ ಮನೆಗೆ ಬರುವುದು ನಿಂತುಹೋಯಿತು. ಮುಂಜಾನೆ ಗೇಟಿನ ಸದ್ದಿಲ್ಲ, ದಾಸವಾಳಕ್ಕೆ ಉಲ್ಲನ್ ಇಲ್ಲ. ಗಣಪತಿಗೆ ಕ್ಯೂ ತಪ್ಪಿತು. ನಾನು ಪೇಪರನ್ನು ಸಂಪಾದಕೀಯದ ಸಮೇತ ಓದಿ ಮುಗಿಸುತ್ತಿದ್ದೆ. ಹೀಗೆ ಕೆಲವು ದಿನ ಕಳೆದ ಮೇಲೆ, ಹೇಳಲಿಕ್ಕೆ ನಾಚಿಕೆ, ಹೂವಿನ ಮುಂದೆ ನಿಂತಾಗ ಎಡಗೈ ಬಲಗೈ ಎಂದು ಯಾರೂ ಕೇಳದೆ ಒಂದು ಥರ ಬಿಕೋ ಎನ್ನಿಸತೊಡಗಿತು. ಹೊಸದಾಗಿ ಬಿಟ್ಟ ಕರ್ಣಕುಂಡಲವನ್ನು ನೋಡಿ ಇದರ ಗುಲಾಬಿಯೊಳಗೆ ಏನಿದೆ ಎಂದು ನಾನೇ ಬಗ್ಗಿ ನೋಡಿದೆ.

ಸಂಧಾನಕ್ಕೆ ಒಂದು ಕಥೆ ಹಿಡಿದುಕೊಂಡು ಹೋದೆ. ಇಂಗ್ಲೆಂಡಿನಲ್ಲಿ ಮೇರಿ ಡಿಲೇನಿ ಎಂಬಾಕೆ ಇದ್ದಳು. ಹೂವಿನ ಕಸೂತಿಯಲ್ಲಿ ಪಳಗಿದ ಕೈ. 1772ರಲ್ಲಿ, ತನ್ನ 72ನೇ ವಯಸ್ಸಿನಲ್ಲಿ, ಬಣ್ಣದ ಕಾಗದ ಕತ್ತರಿಸಿ ಅಂಟಿಸಿ ಕಪ್ಪು ಹಿನ್ನೆಲೆಯ ಮೇಲೆ ನಿಜವಾದ ಹೂಗಳ ಪಡಿಯಚ್ಚು ಮಾಡತೊಡಗಿದಳು. ಹತ್ತು ವರ್ಷದಲ್ಲಿ ಸಾವಿರದ ಹತ್ತಿರ ಹೂ. 985 ಈಗಲೂ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಅಕ್ಕ ಲೆಕ್ಕ ಹಾಕಿದರು. “ಎಪ್ಪತ್ತೆರಡಾ? ನನಗಿನ್ನೂ ಟೈಮಿದೆ.” ಆಮೇಲೆ ಕೇಳಿದರು, “ಯಾಕೆ ನಿಲ್ಲಿಸಿದ್ಲು?”

“ಕಣ್ಣು ಮಂಜಾಯಿತು” ಎಂದೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಯಜಮಾನರು ತಲೆ ಎತ್ತದೆ ಸೂಜಿ ಪೋಣಿಸುತ್ತಿದ್ದರು. ಆ ಮನೆಯಲ್ಲಿ ಸೂಜಿ ಪೋಣಿಸುವ ಕೆಲಸ ಅವರ ಪಾಲಿಗೆ ಯಾಕೆ ಬಂತೆಂದು ಅಷ್ಟು ದಿನ ನಾನು ಯೋಚಿಸಿರಲಿಲ್ಲ.

ಅಕ್ಕನ ಎರಡೂ ಕಣ್ಣಿಗೆ ಪೊರೆ. ಒಂದೊಂದಾಗಿ ಆಪರೇಷನ್ ಆಯಿತು. ಪೊರೆ ಬಂದ ಕಣ್ಣಿನ ಮಸೂರ ಹಳದಿಗಟ್ಟುತ್ತದೆ, ನೀಲಿಯ ಕಡೆಯ ಬೆಳಕು ಒಳಗೆ ಹೋಗಲು ಬಿಡುವುದಿಲ್ಲ. ಕೆಂಪು ಕಿತ್ತಳೆಯ ವ್ಯತ್ಯಾಸ ಚೆನ್ನಾಗಿ ಕಂಡರೂ ಗಾಢ ನೀಲಿ, ನೇರಳೆ, ಕಪ್ಪು ಒಂದರೊಳಗೊಂದು ಬೆರೆತುಬಿಡುತ್ತವೆ. ಪಟ್ಟಿ ಬಿಚ್ಚಿದ ಮೇಲೆ ನೋಡಲು ಹೋದವನು ಸುಮ್ಮನಿರಬೇಕಿತ್ತು. ಫ್ರಾನ್ಸಿನ ಚಿತ್ರಕಾರ ಮೋನೆ 1923ರಲ್ಲಿ ಪೊರೆ ತೆಗೆಸಿಕೊಂಡ ಮೇಲೆ ತನ್ನ ಕೆಲವು ಹಳೆಯ ಚಿತ್ರಗಳನ್ನು ತಿದ್ದಲು ಕೂತದ್ದನ್ನು ಹೇಳಿದೆ. “ನಮ್ಮ ಭದ್ರಾವತಿ ಫರ್ನೇಸ್ ಹೊತ್ತಿಸಿದ್ದೂ ಅದೇ ವರ್ಷ” ಎಂದರು ಯಜಮಾನರು. ಅವರ ಬಾಯಿಂದ ನಾನು ಕೇಳಿದ ಅತಿ ಉದ್ದದ ವಾಕ್ಯ ಅದು.

ಅಕ್ಕ ಕರಿಕನ್ನಡಕ ಹಾಕಿಕೊಂಡು ನೀಲಿ ಡೇರೆಯ ಮುಂದೆ ನಿಂತಿದ್ದರು. ಕನ್ನಡಕ ತೆಗೆದರು, ಹಾಕಿದರು, ತೆಗೆದರು. ಬಿಚ್ಚಿ ಮತ್ತೆ ಹಾಕಬೇಕೆಂದರೆ ರೇಷ್ಮೆಯಲ್ಲಿ ಸೂಜಿಯ ತೂತು ಉಳಿದುಬಿಡುತ್ತದೆ. ಹತ್ತಿಯಲ್ಲಾದರೆ ಒಗೆದರೆ ಮುಚ್ಚಿಕೊಳ್ಳುತ್ತಿತ್ತು. “ನೀಲಿಯೇ ಮೇಷ್ಟ್ರೇ” ಎಂದರು ಮೆಲ್ಲಗೆ. ಗೆದ್ದವನಿಗೆ ಆಗಬೇಕಾದ ಸಂತೋಷ ನನಗಾಗಲಿಲ್ಲ. ನೇರಳೆಯ ಛಾಯೆ ಇದೆ ಎಂದು ಹೇಳಲು ಹೋದೆ. “ಸುಳ್ಳು ಹೇಳಬೇಡಿ, ಈಗ ನನಗೆ ಎಲ್ಲಾ ಕಾಣುತ್ತೆ” ಎಂದರು. ಅಂದಿನಿಂದ ನಮ್ಮ ಹಾಲಿನ ಮೂಲೆಯ ಜೇಡರಬಲೆಯೂ ಅವರಿಗೆ ಕಾಣುತ್ತಿದೆ, ಅದನ್ನು ಹೇಳದೆ ಇರುವುದಿಲ್ಲ.

ಬಡಾವಣೆಯ ಹೆಂಗಸರೆಲ್ಲ ಸೇರಿ ಒಂದು ಪ್ರದರ್ಶನ ಇಟ್ಟರು. ಹಪ್ಪಳ, ಉಪ್ಪಿನಕಾಯಿ, ಕ್ರೋಷಾ ಬಾಗಿಲುತೋರಣ, ನಡುವೆ ಅಕ್ಕನ ಹೂಗಳು. ಐದು ಚುಕ್ಕೆಯ ದಾಸವಾಳವಿತ್ತು, ಒಂದೇ ಟೊಂಗೆಯಲ್ಲಿ ಬಿಳಿ, ಗುಲಾಬಿ, ಕೆಂಪು ಮೂರೂ ಇದ್ದ ಆ ಎದುರು ಮನೆಯ ಹೂವಿತ್ತು (“ಬಣ್ಣ ತಪ್ಪಾಗಿದೆ” ಎಂದು ಹೇಳಿ ಹೋದವರು ಬಹಳ). ಬೆಲೆ ಕೇಳಿ ಕೊಂಡವರು ಒಬ್ಬರೇ. ಅವರು ಕೊಂಡದ್ದು ಬಾಗಿಲ ಮರೆಗೆ ಒರಗಿಸಿಟ್ಟಿದ್ದ ನೀಲಿ ಡೇರೆ. ಅಷ್ಟೇ ಅಲ್ಲ, ತಮ್ಮ ಅಕ್ಕನಿಗೆ ಕೊಡಬೇಕು, ಇಂಥದ್ದೇ ಇನ್ನೊಂದು ಬೇಕು ಎಂದು ಮುಂಗಡವನ್ನೂ ಕೊಟ್ಟು ಹೋದರು.

ಈಗ ಸಮಸ್ಯೆ ಏನೆಂದರೆ ಅಕ್ಕ ಎದುರಿಗೆ ಹೂವಿಲ್ಲದೆ ಒಂದು ಎಸಳೂ ಹಾಕಿದವರಲ್ಲ. ಕಣ್ಣು ಬೇರೆ ಸರಿಯಾಗಿದೆ. ನಿನ್ನೆ ಬೆಳಿಗ್ಗೆ ಗೇಟಿನ ಸದ್ದಾಯಿತು. ಎಡಗೈಯಲ್ಲೊಂದು ನೀಲಿ, ಬಲಗೈಯಲ್ಲೊಂದು ನೀಲಿ. ನಮ್ಮ ನೇರಳೆ ಡೇರೆಯ ಪಕ್ಕ ಎರಡನ್ನೂ ಹಿಡಿದು, “ಇದು ನೀಲಿ ಆಗಿದ್ದಿದ್ರೆ ಯಾವ ನೀಲಿ ಆಗ್ತಿತ್ತು ಹೇಳಿ” ಎಂದರು.

ಪೇಪರ್ ಮಡಿಸಿಟ್ಟು ಎದ್ದು ಹೋದೆ. ಒಂದು ಆಕಾಶದ ಕಡೆಯದು, ಇನ್ನೊಂದು ನವಿಲಿನ ಕಡೆಯದು. ನೆರಳಿಗೆ ಹಿಡಿದು ನೋಡಿದೆ, ಬಿಸಿಲಿಗೆ ಹಿಡಿಯಲು ಹೇಳಿದೆ. ಅಂಚಿಗೆ ಬಲಗೈದು, ಒಳಮಡಿಕೆಗೆ ಎಡಗೈದು ಎಂದೆ. ಅಕ್ಕ ಉಲ್ಟಾ ಎಂದರು. ಉಲ್ಟಾ ಹಾಕಿದರೆ ಹೂ ಒಣಗಿದಂತೆ ಕಾಣುತ್ತದೆ ಎಂದೆ. ಹುಟ್ಟದ ಹೂ ಒಣಗುವುದು ಹೇಗೆ ಎಂದರು. ಕಾಫಿ ಆರಿತು. ಯಜಮಾನರು ಬಿಸಿಲಿದ್ದರೂ ಅಭ್ಯಾಸಬಲದಿಂದ ಕೊಡೆ ತಂದಿದ್ದರು, ಬಿಚ್ಚಿ ಹಿಡಿದರು. ನಾವು ಮೂವರೂ ಬಗ್ಗಿ ನಿಂತದ್ದನ್ನು ಕಿಟಕಿಯಿಂದ ನೋಡುತ್ತಿದ್ದ ಅಮ್ಮ, “ಆ ನೀಲಿ ಹೂ ದೇವರಿಗೆ ಏರಿಸಬಹುದಾ ಅಂತ ಮೊದಲು ಕೇಳೋ” ಎಂದರು.